ಊರು ಸುತ್ತಲು ಫುಲ್ ಫ್ರೇಮ್: ಲೆನ್ಸ್ ಮೊದಲು, ಬಾಡಿ ಆಮೇಲೆ

"ಎರಡು ಲಕ್ಷ ಇಟ್ಟುಕೊಂಡಿದ್ದೇನೆ. ಟ್ರಿಪ್‌ಗೆ ಯಾವ ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳಲಿ? ಸೋನಿನಾ, ನಿಕಾನಾ, ಕ್ಯಾನನಾ?" ಈಚೆಗೆ ಈ ಪ್ರಶ್ನೆ ತುಂಬಾ ಬರುತ್ತಿದೆ. ಕೇಳುವುದು ಯಾವಾಗಲೂ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬಗ್ಗೆಯೇ. ಲೆನ್ಸ್ ಯಾವುದು ಅಂತ ತಿರುಗಿ ಕೇಳಿದರೆ "ಕಿಟ್ ಲೆನ್ಸ್ ಜೊತೆಗೇ ಬರುತ್ತಲ್ಲ" ಅನ್ನುವ ಉತ್ತರ ಸಿಗುತ್ತದೆ.

ನನ್ನ ಪ್ರಕಾರ ಅಲ್ಲೇ ದುಡ್ಡು ದಾರಿ ತಪ್ಪುವುದು. ಪ್ರವಾಸಕ್ಕೆ ಹೋಗಿ ಪೇಟೆ, ಬೀದಿ, ಮಾರ್ಕೆಟ್, ಕಟ್ಟಡ ತೆಗೆಯುವವರಿಗೆ ಇವತ್ತಿನ ಫುಲ್ ಫ್ರೇಮ್ ಬಾಡಿಗಳಲ್ಲಿ ಕೆಟ್ಟದ್ದು ಅಂತ ಯಾವುದೂ ಇಲ್ಲ. ಒಂದಕ್ಕೂ ಇನ್ನೊಂದಕ್ಕೂ ಚಿತ್ರದ ಗುಣಮಟ್ಟದಲ್ಲಿ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಮುಂದೆ ಸಿಕ್ಕಿಸುವ ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ, ಎಷ್ಟು ತೂಗುತ್ತದೆ, ಎದುರಿಗಿರುವವರಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ನಿಮ್ಮ ಫೋಟೋಗಳನ್ನೇ ಬದಲಾಯಿಸುತ್ತದೆ. ಅದಕ್ಕೇ ಲೆನ್ಸ್ ಮೊದಲು ಆರಿಸಿ, ಅದಕ್ಕೆ ಹೊಂದುವ ಬಾಡಿ ಆಮೇಲೆ ನೋಡಿ.

ಮೊದಲ ಪ್ರಶ್ನೆ: ಫುಲ್ ಫ್ರೇಮೇ ಬೇಕಾ?

ಸೆನ್ಸರ್ ಅಂದರೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಭಾಗ. ಫುಲ್ ಫ್ರೇಮ್ ಸೆನ್ಸರ್ ಅಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಹಳೆಯ ರೀಲ್ ಕ್ಯಾಮೆರಾದ ಒಂದು ಫ್ರೇಮಿನಷ್ಟೇ ಅಳತೆ. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್‌ಗೆ ಹೋಲಿಸಿದರೆ ಇದರ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಜಾಸ್ತಿ. ಬೆಳಕಿನ ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು ಒಂದು ಸ್ಟಾಪ್‌ನಷ್ಟು ಲಾಭ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಕತ್ತಲಲ್ಲಿ ಫೋಟೋ ಬೆಳಗಾಗಿ ಬರಲು ಐಎಸ್‌ಒ ಅಂಕೆ ಏರಿಸುತ್ತೇವೆ, ಏರಿಸಿದಷ್ಟೂ ಚಿತ್ರದಲ್ಲಿ ಮರಳಿನಂಥ ಕಾಳು ಬರುತ್ತದೆ. ಎಪಿಎಸ್-ಸಿಯಲ್ಲಿ ಐಎಸ್‌ಒ 3200ಕ್ಕೆ ಬರುವ ಕಾಳು, ಫುಲ್ ಫ್ರೇಮ್‌ನಲ್ಲಿ 6400 ದಾಟಿದ ಮೇಲೆ ಬರುತ್ತದೆ. ಲಾಭ ಇಷ್ಟೇ. ಇದು ಸಣ್ಣದಲ್ಲ. ಆದರೆ ಇದನ್ನು ಕಳೆದುಕೊಳ್ಳುವುದೂ ಬಹಳ ಸುಲಭ.

ಹೇಗೆ ಅಂತ ನೋಡಿ. ಸೋನಿ ಎ7ಸಿ ಟೂ ಬ್ಯಾಟರಿ, ಕಾರ್ಡ್ ಸೇರಿ 514 ಗ್ರಾಂ. ಅದರ ಜೊತೆ ಕೊಡುವ 28-60 ಮಿ.ಮೀ. ಕಿಟ್ ಲೆನ್ಸ್ 167 ಗ್ರಾಂ (ಈ ಮಿ.ಮೀ. ಅಂಕೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ). ಒಟ್ಟು 681. ತುಂಬಾ ಹಗುರ, ನಿಜ. ಆದರೆ ಆ ಲೆನ್ಸ್ ಝೂಮ್ ಮಾಡಿದಾಗ ಎಫ್/5.6ಕ್ಕೆ ಇಳಿಯುತ್ತದೆ. ಎಫ್ ಪಕ್ಕದ ಅಂಕೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಈಗ ಪಕ್ಕದಲ್ಲಿ ಸೋನಿ ಎ6700 ಇಡಿ. ಇದು ಎಪಿಎಸ್-ಸಿ, 493 ಗ್ರಾಂ. ಅದಕ್ಕೆ ಸಿಗ್ಮಾದ 18-50 ಎಫ್/2.8 ಲೆನ್ಸ್ ಹಾಕಿ, ಅದು 290 ಗ್ರಾಂ. ಒಟ್ಟು 783. ನೂರು ಗ್ರಾಂ ಜಾಸ್ತಿ, ಸೆನ್ಸರ್ ಚಿಕ್ಕದು. ಆದರೂ ಝೂಮ್ ಮಾಡಿದಾಗ ಈ ಲೆನ್ಸ್ ಎರಡು ಸ್ಟಾಪ್ ಜಾಸ್ತಿ ಬೆಳಕು ಬಿಡುತ್ತದೆ. ಸೆನ್ಸರ್‌ನಿಂದ ಬಂದ ಒಂದು ಸ್ಟಾಪ್ ಲಾಭವನ್ನು ಲೆನ್ಸ್ ಎರಡು ಸ್ಟಾಪ್ ಆಗಿ ತಿಂದು ಹಾಕಿತು. ರಾತ್ರಿ ಬೀದಿಯಲ್ಲಿ ಚಿಕ್ಕ ಸೆನ್ಸರ್‌ನ ಕ್ಯಾಮೆರಾವೇ ಗೆಲ್ಲುತ್ತದೆ.

ಆದ್ದರಿಂದ ನಿಮ್ಮ ಬಜೆಟ್‌ನಲ್ಲಿ ಬಾಡಿ ಕೊಂಡ ಮೇಲೆ ಕಿಟ್ ಲೆನ್ಸ್‌ಗೆ ಮಾತ್ರ ದುಡ್ಡು ಉಳಿಯುವುದಾದರೆ, ಫುಲ್ ಫ್ರೇಮ್ ಬೇಡ. ಎಪಿಎಸ್-ಸಿ ಬಾಡಿ, ಒಳ್ಳೆಯ ಲೆನ್ಸ್ ತಗೊಳ್ಳಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಸುತ್ತಿ, ಫೋಟೋಗಳನ್ನು ಮೊಬೈಲಿನಲ್ಲೇ ನೋಡುವವರಿಗೂ ಇದೇ ಮಾತು. ಮುಂಜಾವು, ಮುಸ್ಸಂಜೆ, ಗುಡಿಯೊಳಗಿನ ಕತ್ತಲೆ, ದೀಪದ ಬೆಳಕಿನ ಅಂಗಡಿ ಸಾಲು, ಗೋಡೆಗೆ ಹಾಕುವಂಥ ದೊಡ್ಡ ಪ್ರಿಂಟ್ ಇವೆಲ್ಲ ಬೇಕು ಅನ್ನುವವರು ಮುಂದೆ ಓದಿ.

ಏನನ್ನು ಅಳೆಯಬೇಕು

ಬಾಡಿಯ ತೂಕವನ್ನು ಬಿಟ್ಟುಬಿಡಿ, ಬಾಡಿ ಮತ್ತು ಲೆನ್ಸ್ ಸೇರಿ ಎಷ್ಟು ಅನ್ನುವುದನ್ನು ನೋಡಿ. ನನ್ನ ಗೆರೆ ಒಂದು ಕಿಲೋ. ಅದರೊಳಗಿದ್ದರೆ ಕ್ಯಾಮೆರಾ ದಿನವಿಡೀ ಹೆಗಲ ಮೇಲೋ ಕೈಯಲ್ಲೋ ಇರುತ್ತದೆ. ಒಂದು ಕಿಲೋ ದಾಟಿತೆಂದರೆ ಮಧ್ಯಾಹ್ನದ ಊಟ ಆದ ಮೇಲೆ ಬ್ಯಾಗಿಗೆ ಸೇರುತ್ತದೆ, ಸಂಜೆ ಒಳ್ಳೆಯ ಬೆಳಕು ಬಂದಾಗ ಹೊರಗೆ ತೆಗೆಯಲು ಬೇಜಾರು. ನಮ್ಮ ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ ಇರುವುದೂ ನೆನಪಿರಲಿ.

ಎರಡನೆಯದು ಬೆಳಕು. ಇದನ್ನು ಎರಡಾಗಿ ಯೋಚಿಸಿ: ನಿಂತಿರುವ ವಸ್ತು, ಓಡಾಡುವ ಜನ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಆಯ್ಕೆ ಇದರ ಮೇಲೆ ನಿಂತಿದೆ.

ಮೈಸೂರು ಅರಮನೆಯನ್ನೇ ತಗೊಳ್ಳಿ. ಭಾನುವಾರ ಸಂಜೆ ಏಳಕ್ಕೆ ಸುಮಾರು 97,000 ಬಲ್ಬು ಒಟ್ಟಿಗೆ ಹತ್ತುತ್ತವೆ. ಅರಮನೆ ಅಲ್ಲಾಡುವುದಿಲ್ಲ. ಬಾಡಿಯೊಳಗೆ ಕೈಯ ನಡುಕ ತಡೆಯುವ ಸ್ಟೆಬಿಲೈಸೇಷನ್ ಇದ್ದರೆ ಕೈಯಲ್ಲಿ ಹಿಡಿದೇ 1/15 ಸೆಕೆಂಡಿಗೆ ತೆಗೆಯಬಹುದು. ಎಫ್/4 ಝೂಮ್ ಧಾರಾಳ ಸಾಕು, ಐಎಸ್‌ಒ ಕೂಡ ಕಡಿಮೆ ಇರುತ್ತದೆ. (ಸುಮ್ನೆ ಒಂದು ಮಾತು: ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗಿ, ಏಳಕ್ಕೆ ಆಕಾಶ ಪೂರ್ತಿ ಕಪ್ಪಾಗಿರುತ್ತದೆ. ಜೂನ್, ಜುಲೈನಲ್ಲಿ ಮುಳುಗುವುದು ಏಳಕ್ಕೆ ಸ್ವಲ್ಪ ಮುಂಚೆ. ಹಾಗಾಗಿ ದೀಪ ಹತ್ತಿದಾಗ ಹಿಂದೆ ಇನ್ನೂ ನೀಲಿ ಉಳಿದಿರುತ್ತದೆ. ಮಳೆ ಬಿಡುವು ಕೊಟ್ಟರೆ ಅರಮನೆಯ ಒಳ್ಳೆಯ ಫೋಟೋ ಸಿಗುವುದು ಆಗಲೇ.)

ಈಗ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಬನ್ನಿ, ಬೆಳಗಿನ ಜಾವ. ಸೇವಂತಿಗೆ ಗುಡ್ಡೆಯ ಮೇಲೆ ಬಲ್ಬು ತೂಗಾಡುತ್ತಿರುತ್ತದೆ. ಒಬ್ಬರು ಹಾರವನ್ನು ಮಾರು ಹಾಕಿ ಅಳೆಯುತ್ತಿರುತ್ತಾರೆ, ಪಕ್ಕದಲ್ಲೇ ಮೂಟೆ ಹೊತ್ತವರು "ಸೈಡ್, ಸೈಡ್" ಅನ್ನುತ್ತಾ ನುಗ್ಗುತ್ತಾರೆ. ಇಲ್ಲಿ ಸ್ಟೆಬಿಲೈಸೇಷನ್ ಎಷ್ಟೇ ಒಳ್ಳೆಯದಿರಲಿ, ಅದು ನಿಮ್ಮ ಕೈಯ ನಡುಕವನ್ನು ನಿಲ್ಲಿಸುತ್ತದೆ, ಮೂಟೆ ಹೊತ್ತವರ ಓಟವನ್ನಲ್ಲ. ನಡೆಯುವವರು ಮಸುಕಾಗದೆ ಬರಬೇಕಾದರೆ ಕನಿಷ್ಠ 1/125 ಬೇಕು, ಅಡ್ಡ ಹಾಯುವವರಿಗೆ 1/250. ಎಫ್/4ರಲ್ಲಿ ಐಎಸ್‌ಒ 12,800 ಬೇಕಾಗುವ ಕಡೆ ಎಫ್/2ರಲ್ಲಿ 3200 ಸಾಕು. ಕಾಳು ತುಂಬಿ ಹೂವಿನ ಎಸಳು ಕಲಸಿಹೋದ ಫೋಟೋಗೂ, ಎಸಳೆಸಳೂ ಬಿಡಿಯಾಗಿ ಕಾಣುವ ಫೋಟೋಗೂ ಇರುವ ಅಂತರ ಅಷ್ಟು.

ಸರಳವಾಗಿ ಹೇಳುವುದಾದರೆ, ಕಟ್ಟಡ ಜಾಸ್ತಿ ತೆಗೆಯುವವರು ಸ್ಟೆಬಿಲೈಸೇಷನ್‌ಗೆ ದುಡ್ಡು ಹಾಕಿ. ಜನರನ್ನು ಜಾಸ್ತಿ ತೆಗೆಯುವವರು ಎಫ್/2ರ ಆಸುಪಾಸಿನ ಲೆನ್ಸ್‌ಗೆ ಹಾಕಿ.

ಮೂರನೆಯದು, ಕ್ಯಾಮೆರಾ ಎದುರಿನವರಿಗೆ ಹೇಗೆ ಕಾಣುತ್ತದೆ ಅನ್ನುವುದು. ಉದ್ದ ಮೂತಿಯ ಲೆನ್ಸ್ ಎತ್ತಿದ ಕೂಡಲೇ ಜನ ಸೆಟೆದು ನಿಲ್ಲುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ಸೆಕ್ಯುರಿಟಿಯವರು "ಪರ್ಮಿಷನ್ ಇದೆಯಾ" ಅಂತ ಬರುತ್ತಾರೆ. ಚಿಕ್ಕ ಪ್ರೈಮ್ (ಝೂಮ್ ಆಗದ ಲೆನ್ಸ್) ಹಾಕಿದ ಕ್ಯಾಮೆರಾವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬೀದಿ ಫೋಟೋಗೆ ಇದು ಮೆಗಾಪಿಕ್ಸೆಲ್‌ಗಿಂತ ದೊಡ್ಡ ವಿಷಯ.

ಉಳಿದದ್ದು ಮಳೆ, ಧೂಳು ತಡೆಯುವ ಗಟ್ಟಿತನ, ಬ್ಯಾಟರಿ, ಕಾರ್ಡ್ ಸ್ಲಾಟ್ ಎಷ್ಟು ಅನ್ನುವುದು. ಇವನ್ನು ಬಾಡಿಯ ಜೊತೆಗೇ ನೋಡೋಣ.

ಲೆನ್ಸ್: ಮೂರು ದಾರಿ

ಮೊದಲ ದಾರಿ, ಒಂದೋ ಎರಡೋ ಚಿಕ್ಕ ಪ್ರೈಮ್. ನಾನು ಮನಸಾರೆ ಹೇಳುವುದು ಇದನ್ನೇ. ನಿಕಾನ್ 40 ಎಫ್/2 ಬರೀ 170 ಗ್ರಾಂ. ಸೋನಿ 40 ಎಫ್/2.5 ಜಿ 173. ಕ್ಯಾನನ್ 28 ಎಫ್/2.8 ಇನ್ನೂ ಹಗುರ, 120 ಗ್ರಾಂ. ಅವರದೇ 50 ಎಫ್/1.8, 160 ಗ್ರಾಂ. ಎರಡು ಲೆನ್ಸ್ ಸೇರಿದರೂ ಒಂದು ಒಳ್ಳೆಯ ಝೂಮಿನಷ್ಟು ತೂಕ ಆಗುವುದಿಲ್ಲ. ಹೈದರಾಬಾದಿನ ಲಾಡ್ ಬಜಾರ್‌ನಂಥ ಬಳೆ ಅಂಗಡಿ ಸಾಲಿನಲ್ಲಿ 35 ಅಥವಾ 40 ಹಿಡಿದು ನಡೆದರೆ ಅಂಗಡಿ, ಗಿರಾಕಿ, ಕನ್ನಡಿಯ ಹೊಳಪು ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ.

ಕೊರತೆ ಏನು? ಅಲ್ಲೇ ಮುಂದಿರುವ ಚಾರ್‌ಮಿನಾರ್ ಬುಡಕ್ಕೆ ಬಂದು ನಿಂತರೆ 40ರಲ್ಲಿ ಎರಡು ಮಿನಾರ್‌ ಕೂಡ ಪೂರ್ತಿ ಬರುವುದಿಲ್ಲ. ಹಿಂದೆ ಸರಿಯೋಣ ಅಂದರೆ ತಳ್ಳುಗಾಡಿ, ಜನ. ಇಂಥ ಕಡೆ 24 ಅಥವಾ 20 ಬೇಕು. ಕುಟುಂಬದ ಜೊತೆ ಹೋದವರಿಗಂತೂ ಲೆನ್ಸ್ ಬದಲಾಯಿಸುತ್ತಾ ನಿಲ್ಲಲು ಪುರುಸೊತ್ತು ಇರುವುದಿಲ್ಲ. ಧೂಳಿನ ಬೀದಿಯಲ್ಲಿ ಲೆನ್ಸ್ ಬಿಚ್ಚುವುದು ಸೆನ್ಸರ್‌ಗೂ ಒಳ್ಳೆಯದಲ್ಲ.

ಎರಡು ಪ್ರೈಮ್ ತಗೊಳ್ಳುವವರು 28 ಮತ್ತು 50, ಅಥವಾ 24 ಮತ್ತು 40 ಜೋಡಿ ನೋಡಿ. 35 ಮತ್ತು 50 ಬೇಡ, ಎರಡೂ ತೀರಾ ಹತ್ತಿರ. ಒಂದೇ ಅಂದರೆ 35 ಅಥವಾ 40.

ಎರಡನೇ ದಾರಿ, ಒಂದೇ ಒಳ್ಳೆಯ ಝೂಮ್. ಇದರಲ್ಲಿ ಎರಡು ಜಾತಿ. ಎಫ್/2.8ರವು ಬೆಳಕಿಗೆ, ಎಫ್/4ರವು ವ್ಯಾಪ್ತಿಗೆ. ಸಿಗ್ಮಾ 28-70 ಎಫ್/2.8, ಸೋನಿ ಬಾಡಿಗೆ ಹೊಂದುವಂಥದ್ದು 470 ಗ್ರಾಂ. ಬೆಲೆ, ತೂಕ, ಬೆಳಕು ಮೂರೂ ಸಮವಾಗಿ ಕೂಡಿದ ಲೆನ್ಸ್ ಇದು. ಕ್ಯಾನನ್ 2024ರಲ್ಲಿ ತಂದ 28-70 ಎಫ್/2.8 ಎಸ್‌ಟಿಎಂ 495 ಗ್ರಾಂ, ಲೆನ್ಸ್‌ನಲ್ಲೇ ಸ್ಟೆಬಿಲೈಸೇಷನ್ ಇದೆ. ಎಫ್/4ರಲ್ಲಿ ಸೋನಿ 20-70 ಜಿ 488 ಗ್ರಾಂ. 20ರಿಂದ ಶುರುವಾಗುವುದರಿಂದ ಇಕ್ಕಟ್ಟಾದ ಓಣಿ, ಎತ್ತರದ ಗೋಪುರ, ಹೋಟೆಲ್ ರೂಮಿನ ಕಿಟಕಿ ಎಲ್ಲಕ್ಕೂ ಆಗುತ್ತದೆ. ಕಟ್ಟಡದ ಹುಚ್ಚಿರುವವರಿಗೆ ಇದಕ್ಕಿಂತ ಒಳ್ಳೆಯ ಒಂಟಿ ಲೆನ್ಸ್ ನಾನು ಕಂಡಿಲ್ಲ. ನಿಕಾನ್ 24-120 ಎಫ್/4 ಕೂಡ ಅಷ್ಟೇ ಚೂಪು, ಜೊತೆಗೆ 120ರವರೆಗೆ ಎಟುಕುತ್ತದೆ. ಕೆ.ಆರ್. ಮಾರ್ಕೆಟ್ ಕಟ್ಟಡದ ಮೇಲಿನ ಮಹಡಿಯಿಂದ ಕೆಳಗಿನ ಹೂವಿನ ವೃತ್ತಗಳನ್ನು ತೆಗೆಯಲು 85ರಿಂದ 120 ಬಹಳ ಉಪಯೋಗ. ಆದರೆ ಅದು 630 ಗ್ರಾಂ, ನಿಕಾನ್ ಬಾಡಿಗಳೂ ಭಾರವೇ.

ದೊಡ್ಡ 24-70 ಎಫ್/2.8 ಪ್ರೊ ಲೆನ್ಸ್‌ಗಳ ಬಗ್ಗೆ ಒಂದೇ ಮಾತು. ಸೋನಿಯ ಎರಡನೇ ಪೀಳಿಗೆಯದು 695 ಗ್ರಾಂ, ಎ7 ಫೋರ್ ಜೊತೆ ಸೇರಿದರೆ 1350 ದಾಟುತ್ತದೆ. ಮದುವೆ ಫೋಟೋಗ್ರಫಿ ಮಾಡುವವರಿಗೆ ಅನ್ನ ಹಾಕುವ ಲೆನ್ಸ್ ಅದು. ತಿರುಗಾಟಕ್ಕೆ ಬೇಡ.

ಮೂರನೇ ದಾರಿ, ಎಲ್ಲಕ್ಕೂ ಒಂದೇ ಅನ್ನುವ ಸೂಪರ್‌ಝೂಮ್. ಟ್ಯಾಮ್ರಾನ್ 28-200 ಎಫ್/2.8-5.6 ಇದರಲ್ಲಿ ಮೇಲು, 575 ಗ್ರಾಂ. ನಿಕಾನ್ 24-200 ಕೂಡ ಅಷ್ಟೇ ತೂಕ, ಆದರೆ ಎಫ್/6.3ರವರೆಗೆ ಇಳಿಯುತ್ತದೆ. ಹಗಲು ಪ್ರವಾಸ, ಬೆಟ್ಟ, ಬೀಚು, ಪೇಟೆ ಎಲ್ಲ ಒಂದೇ ಟ್ರಿಪ್‌ನಲ್ಲಿ ಇರುವವರಿಗೆ ಸರಿ. ಇದರ ಜೊತೆ ರಾತ್ರಿಗೆ ಅಂತ ಒಂದು ಅಗ್ಗದ 50 ಎಫ್/1.8 ಇಟ್ಟುಕೊಂಡರೆ ಸಾಕಷ್ಟು ಕೆಲಸ ಆಗುತ್ತದೆ.

ಬಾಡಿ: ಯಾವುದು ಯಾರಿಗೆ

ಸೋನಿ ಎ7ಸಿ ಟೂ. 33 ಮೆಗಾಪಿಕ್ಸೆಲ್, ಒಳಗೇ ಸ್ಟೆಬಿಲೈಸೇಷನ್, ಮುಖ ಹಿಡಿದು ಬಿಡದ ಆಟೋಫೋಕಸ್. ಒಂದು ಬ್ಯಾಟರಿಗೆ ಕಂಪನಿಯ ಲೆಕ್ಕದಲ್ಲೇ 500ಕ್ಕೂ ಹೆಚ್ಚು ಫೋಟೋ. ಸಿಗ್ಮಾ 28-70 ಹಾಕಿದರೂ 984 ಗ್ರಾಂ, ಅಂದರೆ ಕಿಲೋದೊಳಗೆ. 40 ಎಫ್/2.5 ಜೊತೆ 687. ಸೋನಿಗೆ ಸಿಗ್ಮಾ, ಟ್ಯಾಮ್ರಾನ್ ಮುಂತಾದವರ ಲೆನ್ಸ್ ರಾಶಿ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲೂ ಸುಲಭವಾಗಿ ಸಿಗುತ್ತವೆ. ಇದು ನಿಜವಾದ ಬಲ. ಕೊರತೆ: ಕಾರ್ಡ್ ಸ್ಲಾಟ್ ಒಂದೇ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಚಿಕ್ಕದು, ಫೋಕಸ್ ಬಿಂದು ಸರಿಸಲು ಜಾಯ್‌ಸ್ಟಿಕ್ ಇಲ್ಲ. ಕನ್ನಡಕ ಹಾಕುವವರು ಆ ವ್ಯೂಫೈಂಡರ್ ಒಮ್ಮೆ ಇಣುಕಿ ನೋಡದೆ ಕೊಳ್ಳಬೇಡಿ.

ನಿಕಾನ್ ಝಡ್5 ಟೂ 2025ರ ಏಪ್ರಿಲ್‌ನಲ್ಲಿ ಬಂತು. ಕೊಟ್ಟ ದುಡ್ಡಿಗೆ ಸಿಗುವುದನ್ನು ನೋಡಿದರೆ ಈಗಿನ ಹೊಸ ಬಾಡಿಗಳಲ್ಲಿ ನನಗೆ ಇದೇ ಮೊದಲು. ಎರಡು ಎಸ್‌ಡಿ ಸ್ಲಾಟ್, ಒಳ್ಳೆಯ ವ್ಯೂಫೈಂಡರ್, ಗಟ್ಟಿ ಹಿಡಿ, ಮಳೆ ಹನಿ ತಡೆಯುವ ಕಟ್ಟು, ಕತ್ತಲಲ್ಲೂ ತಡಕಾಡದ ಫೋಕಸ್. 24.5 ಮೆಗಾಪಿಕ್ಸೆಲ್ ಸಾಲದಾ ಅಂತ ಕೇಳುತ್ತಾರೆ. ಎ3 ಅಳತೆಯ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆಯಂತೆ ಹಿಡಿದರೂ 17.4 ಮೆಗಾಪಿಕ್ಸೆಲ್ ಸಾಕು, ಧಾರಾಳವಾಯಿತು. ಕೊರತೆ ತೂಕ: 700 ಗ್ರಾಂ. 40 ಎಫ್/2 ಹಾಕಿದರೆ 870, ಪರವಾಗಿಲ್ಲ. 24-120 ಹಾಕಿದರೆ 1330, ಗೆರೆ ದಾಟಿತು. ಹಾಗಾಗಿ ಪ್ರೈಮ್ ದಾರಿ ಹಿಡಿಯುವವರಿಗೆ ಈ ಬಾಡಿ ಹೇಳಿ ಮಾಡಿಸಿದ್ದು.

ಇದರದೇ ಒಡಲಿನ ಇನ್ನೊಂದು ನಿಕಾನ್ ಝಡ್ಎಫ್. 2023ರದ್ದು, 710 ಗ್ರಾಂ. ಹಳೆಯ ಫಿಲ್ಮ್ ಕ್ಯಾಮೆರಾದ ರೂಪ, ಶಟರ್ ಸ್ಪೀಡ್, ಐಎಸ್‌ಒಗೆ ಬೇರೆ ಬೇರೆ ಡಯಲ್. ಜನ ಇದನ್ನು ನೋಡಿ ಹೆದರುವುದಿಲ್ಲ, "ಹಳೇ ಕ್ಯಾಮೆರಾನಾ ಸಾರ್?" ಅಂತ ಮಾತಿಗೆ ಬರುತ್ತಾರೆ. ಬೀದಿಯಲ್ಲಿ ಅದು ಒಂದು ಆಸ್ತಿಯೇ. ಆದರೆ ಮುಂದೆ ಹಿಡಿ ಇಲ್ಲ, ಭಾರದ ಲೆನ್ಸ್ ಹಾಕಿದರೆ ಬೆರಳು ನೋಯುತ್ತದೆ. ಎರಡನೇ ಕಾರ್ಡ್ ಮೈಕ್ರೋ ಎಸ್‌ಡಿ.

ಕ್ಯಾನನ್ ಆರ್8, 461 ಗ್ರಾಂ. ಇಲ್ಲಿ ಹೇಳಿದವುಗಳಲ್ಲೆಲ್ಲ ಹಗುರ. 28 ಎಫ್/2.8 ಜೊತೆ 581 ಗ್ರಾಂ! ಜಾಕೆಟ್ ಜೇಬಿಗೆ ಹೋಗುವ ಫುಲ್ ಫ್ರೇಮ್. ಆಟೋಫೋಕಸ್, ಚರ್ಮದ ಬಣ್ಣ ಎರಡೂ ಚೆನ್ನ. ಇದಕ್ಕಾಗಿ ಬಿಟ್ಟುಕೊಡಬೇಕಾದ್ದು ಬಾಡಿಯೊಳಗಿನ ಸ್ಟೆಬಿಲೈಸೇಷನ್, ಇದರಲ್ಲಿ ಅದು ಇಲ್ಲವೇ ಇಲ್ಲ. ಆ 28ರಲ್ಲೂ ಇಲ್ಲ. ಅರಮನೆ ದೀಪ, ಚರ್ಚಿನ ಒಳಗು ಇಂಥವನ್ನು ಕೈಯಲ್ಲಿ ಹಿಡಿದು ತೆಗೆಯುವವರಿಗೆ ಇದು ದೊಡ್ಡ ಕೊರತೆ. ಜನರನ್ನು ತೆಗೆಯುವವರಿಗೆ ಅಷ್ಟಾಗಿ ಅಲ್ಲ, ಹೇಗೂ 1/125ರ ಮೇಲೇ ಇರುತ್ತೀರಿ ಅಲ್ವಾ? ಬ್ಯಾಟರಿ ಚಿಕ್ಕದು, ದಿನಕ್ಕೆ ಎರಡು, ಮೂರು ಬೇಕೇ ಬೇಕು. ಫುಲ್ ಫ್ರೇಮ್‌ಗೆ ಬೇರೆ ಕಂಪನಿಯ ಆಟೋಫೋಕಸ್ ಲೆನ್ಸ್ ಸೋನಿಯಷ್ಟು ಸಿಗುವುದಿಲ್ಲ.

ಪ್ಯಾನಸಾನಿಕ್ ಲ್ಯುಮಿಕ್ಸ್ ಎಸ್9 ನೋಡಲು ಮುದ್ದಾಗಿದೆ, 486 ಗ್ರಾಂ, ಸ್ಟೆಬಿಲೈಸೇಷನ್ ಕೂಡ ಇದೆ. ಆದರೆ ವ್ಯೂಫೈಂಡರ್ ಇಲ್ಲ. ನಮ್ಮ ಬಿಸಿಲಲ್ಲಿ ಬರೀ ಸ್ಕ್ರೀನ್ ನೋಡಿ ಚೌಕಟ್ಟು ಕಟ್ಟುವುದು ಕಣ್ಣಿಗೆ ಶ್ರಮ. ಮೆಕ್ಯಾನಿಕಲ್ ಶಟರ್ ಸಹ ಇಲ್ಲ, ಬರೀ ಎಲೆಕ್ಟ್ರಾನಿಕ್. ಎಲ್‌ಇಡಿ ದೀಪದ ಮಾರ್ಕೆಟ್‌ನಲ್ಲಿ ಇದು ಫೋಟೋದ ಮೇಲೆ ಪಟ್ಟೆ ತರಿಸುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ವಿಡಿಯೋ ಮುಖ್ಯ, ಫೋಟೋ ಆಮೇಲೆ ಅನ್ನುವವರಿಗೆ ಮಾತ್ರ.

ಲೆನ್ಸ್ ಬದಲಾಯಿಸಲು ಬಾರದ ಕ್ಯಾಮೆರಾಗಳೂ ಇವೆ. ಲೈಕಾ ಕ್ಯೂ3ಯಲ್ಲಿ 28 ಎಫ್/1.7 ಲೆನ್ಸ್, 60 ಮೆಗಾಪಿಕ್ಸೆಲ್. 28ರಲ್ಲಿ ತೆಗೆದು 50ರಷ್ಟಕ್ಕೆ ಕತ್ತರಿಸಿದರೂ ಸುಮಾರು 19 ಮೆಗಾಪಿಕ್ಸೆಲ್ ಉಳಿಯುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹೀಗೇ ಮಾಡಿದರೆ ಏಳೂವರೆ ಉಳಿದೀತು. ಹಾಗಾಗಿ ಅದು ಒಂದು ಲೆನ್ಸ್‌ನಲ್ಲಿ ಮೂರು ಲೆನ್ಸ್ ಇದ್ದಂತೆ. ಆದರೆ ಬೆಲೆ ಐದು ಲಕ್ಷ ದಾಟುತ್ತದೆ. ಸೋನಿ ಆರ್‌ಎಕ್ಸ್1ಆರ್ ತ್ರೀಯಲ್ಲಿ 35 ಎಫ್/2, ಬರೀ 498 ಗ್ರಾಂ. ಅದೂ ಅಗ್ಗವಲ್ಲ, ಮೇಲಾಗಿ ಸ್ಟೆಬಿಲೈಸೇಷನ್ ಇಲ್ಲ, ಸ್ಕ್ರೀನ್ ಮೇಲೆ ಕೆಳಗೆ ಬಾಗುವುದಿಲ್ಲ. ದುಡ್ಡಿನ ಚಿಂತೆ ಇಲ್ಲದವರು ಲೈಕಾ ನೋಡಬಹುದು.

ದುಡ್ಡಿಗೆ ತಕ್ಕ ಜೋಡಿ

ದಸರಾ, ದೀಪಾವಳಿ ಆಫರ್‌ಗಳಲ್ಲಿ ಬೆಲೆ ಏರಿಳಿಯುತ್ತದೆ. ಹಾಗಾಗಿ ಇವು ಅಂದಾಜಿನ ಗೆರೆಗಳು.

ಅರ್ಧ ಲಕ್ಷದ ಸುತ್ತಮುತ್ತ ಇರುವವರಿಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಸುಲಭದ ದಾರಿ. ಕ್ಯಾನನ್ 6ಡಿ 2012ರದ್ದು, 770 ಗ್ರಾಂ. ಅದಕ್ಕೆ 40 ಎಫ್/2.8 ಪ್ಯಾನ್‌ಕೇಕ್ ಲೆನ್ಸ್ 130 ಗ್ರಾಂ. ಒಟ್ಟು 900, ಇವತ್ತಿಗೂ ಸೊಗಸಾದ ಫೋಟೋ ಕೊಡುತ್ತದೆ. ನಿಕಾನ್ ಡಿ750 ಇದಕ್ಕಿಂತ ಹೊಸದು, ಸೆನ್ಸರ್ ಇನ್ನೂ ಚೆನ್ನ, ತೂಕ ಮಾತ್ರ ಜಾಸ್ತಿ. ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳಿ, ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ಸೆನ್ಸರ್ ಕಲೆ ನೋಡಿ, ಲೆನ್ಸ್‌ಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿ. ಕರಾವಳಿಯಲ್ಲಿದ್ದ ಲೆನ್ಸ್ ಆದರೆ ಈ ಕೊನೆಯದನ್ನು ಖಂಡಿತ ಮರೆಯಬೇಡಿ.

ಒಂದು ಲಕ್ಷದ ಆಸುಪಾಸು: ಸೆಕೆಂಡ್ ಹ್ಯಾಂಡ್ ಸೋನಿ ಎ7 ತ್ರೀ ಅಥವಾ ನಿಕಾನ್ ಝಡ್5, ಜೊತೆಗೆ ಒಂದು ಪ್ರೈಮ್. ಎರಡರಲ್ಲೂ ಸ್ಟೆಬಿಲೈಸೇಷನ್ ಇದೆ, ಎರಡೆರಡು ಕಾರ್ಡ್ ಸ್ಲಾಟ್ ಇವೆ. ಹೊಸ ಎಪಿಎಸ್-ಸಿ ಮತ್ತು ಎಫ್/2.8 ಝೂಮ್ ಕೂಡ ಇಲ್ಲಿ ಬಲವಾದ ಪೈಪೋಟಿ.

ಎರಡು ಲಕ್ಷದ ಹತ್ತಿರ: ಝಡ್5 ಟೂ ಮತ್ತು 40 ಎಫ್/2, ಅಥವಾ ಆರ್8 ಜೊತೆ 28 ಮತ್ತು 50. ಕಟ್ಟಡ, ರಾತ್ರಿ, ಮಳೆ ಅಂದರೆ ನಿಕಾನ್. ಹಗುರ ಬೇಕು, ಜನರ ಫೋಟೋ ಅಂದರೆ ಕ್ಯಾನನ್. ಎರಡೂವರೆ, ಮೂರರ ನಡುವೆ ಇದ್ದವರು ಎ7ಸಿ ಟೂ ಜೊತೆ ಸಿಗ್ಮಾ 28-70 ತಗೊಂಡು ನೆಮ್ಮದಿಯಾಗಿರಿ. ಮಕ್ಕಳು, ಕುಟುಂಬ, ಪೇಟೆ, ಊಟ ಎಲ್ಲ ಒಂದರಲ್ಲೇ ಆಗಬೇಕು ಅನ್ನುವವರಿಗೆ ಈ ಜೋಡಿ.

ವಿದೇಶದಲ್ಲಿ ಅಗ್ಗ ಅಂತ ಕೊಳ್ಳುವವರು, ಆ ವಾರಂಟಿ ಇಲ್ಲಿಯ ಸರ್ವಿಸ್ ಸೆಂಟರ್‌ನಲ್ಲಿ ನಡೆಯುತ್ತದಾ ಅಂತ ಮೊದಲು ಕೇಳಿಕೊಳ್ಳಿ.

ಬೀದಿಗಿಳಿದ ಮೇಲೆ

ಎಲ್‌ಇಡಿ ಪಟ್ಟೆಯ ವಿಷಯ ಹೇಳಿದೆನಲ್ಲ, ಅದು ಹೀಗೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಅಂಗಡಿಯ ದೀಪ ಸೆಕೆಂಡಿಗೆ ನೂರು ಸಲ ಹೊಳೆದು ಮಂಕಾಗುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಪೂರ್ತಿ ಸುತ್ತು ಒಳಗೆ ಬರುತ್ತದೆ, ಪಟ್ಟೆ ಬರುವುದಿಲ್ಲ. ಅದಕ್ಕಿಂತ ವೇಗ ಬೇಕಾದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, ಮೆನುವಿನಲ್ಲಿ ಆಂಟಿ ಫ್ಲಿಕರ್ ಆನ್ ಮಾಡಿ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ಅಲ್ಲಿ 1/60 ಅಥವಾ 1/120 ಹತ್ತಿರದ್ದು ಇಡಿ. ಸದ್ದಿಲ್ಲದೆ ತೆಗೆಯೋಣ ಅಂತ ಸೈಲೆಂಟ್ ಮೋಡ್‌ನಲ್ಲೇ ಇಡೀ ಸಂಜೆ ತೆಗೆದು, ರೂಮಿಗೆ ಹೋಗಿ ನೋಡಿದಾಗ ಎಲ್ಲದರಲ್ಲೂ ಪಟ್ಟೆ ಬಂದಿರುವುದು ಅನೇಕರ ಅನುಭವ.

ಹಗಲು ಬೀದಿಯಲ್ಲಿ ಆಟೋಫೋಕಸ್ ಗೊಡವೆಯೇ ಬೇಡ ಅನ್ನಿಸಿದರೆ 28ನ್ನು ಎಫ್/8ಕ್ಕೆ ಇಟ್ಟು, ಫೋಕಸ್ 3.3 ಮೀಟರ್‌ಗೆ ನಿಲ್ಲಿಸಿ. ಸುಮಾರು 1.6 ಮೀಟರ್‌ನಿಂದ ದಿಗಂತದವರೆಗೆ ಎಲ್ಲ ಚೂಪು. ಐಎಸ್‌ಒ ಆಟೋ, ಶಟರ್ 1/250. ಆಮೇಲೆ ನೀವು ನೋಡುವುದಷ್ಟೇ ಕೆಲಸ.

ಮಾರ್ಕೆಟ್‌ಗಳಲ್ಲಿ ಮೇಲೆ ಟಾರ್ಪಾಲಿನ್ ಕಟ್ಟಿರುತ್ತಾರೆ. ನೀಲಿ ಟಾರ್ಪಾಲಿನ್ ಕೆಳಗೆ ಕುಳಿತವರ ಮುಖ ನೀಲಿ, ಚೆಂಡು ಹೂವು ಮಣ್ಣಿನ ಬಣ್ಣ. ಜೇಪೆಗ್‌ನಲ್ಲಿ ಅದನ್ನು ಸರಿಮಾಡುವುದು ಕಷ್ಟ, ರಾದಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯಿರಿ. ಇಲ್ಲವೇ ಅವರು ಅಂಚಿಗೆ ಬರುವವರೆಗೆ ಕಾಯಿರಿ, ಅಲ್ಲಿ ಹೊರಗಿನ ಬೆಳಕು ಒಂದು ಕಡೆಯಿಂದ ಬಿದ್ದು ಮುಖ ಅರಳುತ್ತದೆ. ಕೇಳಿಯೇ ತೆಗೆಯಿರಿ. ಕಣ್ಣಲ್ಲೇ ಕೇಳಿದರೂ ಆಯಿತು. ಬೇಡ ಅಂದರೆ ಬೇಡ. ಕಾಶಿಯ ಮಣಿಕರ್ಣಿಕಾ ಘಾಟ್‌ನಲ್ಲಂತೂ ಚಿತೆಯ ಕಡೆ ಕ್ಯಾಮೆರಾ ಎತ್ತಲೇಬೇಡಿ.

ಮಂಗಳೂರು, ಮುಂಬೈ, ಸಿಂಗಪುರದಂಥ ಸೆಕೆಯ ಊರುಗಳಲ್ಲಿ ಏಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮೇಲೆ ಆವಿ ಕೂರುತ್ತದೆ. ಒರೆಸಬೇಡಿ, ಲೆನ್ಸ್ ಬಿಚ್ಚಲೇಬೇಡಿ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ, ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಬೆಳಗಿನ ಬೆಳಕು ಮುಖ್ಯ ಅನ್ನುವ ದಿನ ರಾತ್ರಿಯೇ ಬ್ಯಾಗನ್ನು ಬಾಲ್ಕನಿ ಅಥವಾ ಬಾತ್‌ರೂಮಿನ ಪಕ್ಕ, ಏಸಿ ಗಾಳಿ ತಾಗದ ಕಡೆ ಇಟ್ಟರೆ ಇನ್ನೂ ಒಳ್ಳೆಯದು.

ಟ್ರೈಪಾಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚೆಯೇ ಅನುಮತಿ ಬೇಕು, ಪೇಟೆ ಬೀದಿಯಲ್ಲಿ ಇಡಲು ಜಾಗ ಇಲ್ಲ. ಸ್ಟೆಬಿಲೈಸೇಷನ್ ಇರುವ ಬಾಡಿ ಕೊಂಡವರು ಮನೆಯಲ್ಲೇ ಬಿಟ್ಟು ಹೋಗಬಹುದು.

ಬಿಡಿ ಬ್ಯಾಟರಿ, ಪವರ್‌ಬ್ಯಾಂಕ್ ಎರಡೂ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜ್‌ನಲ್ಲಿ ಹಾಕುವಂತಿಲ್ಲ. ದುಬಾರಿ ಕ್ಯಾಮೆರಾ ಹೊತ್ತು ವಿದೇಶಕ್ಕೆ ಹೊರಟವರು ಏರ್‌ಪೋರ್ಟ್‌ನ ಕಸ್ಟಮ್ಸ್ ಕೌಂಟರ್‌ನಲ್ಲಿ ಬಾಡಿ, ಲೆನ್ಸ್‌ಗಳ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಳ್ಳಿ. ವಾಪಸ್ ಬರುವಾಗ "ಇದು ಅಲ್ಲಿ ಕೊಂಡಿದ್ದಾ?" ಅನ್ನುವ ಪ್ರಶ್ನೆಗೆ ಅದೇ ಉತ್ತರ. ಬಿಲ್ಲಿನ ಒಂದು ಪ್ರತಿಯೂ ಫೋನಿನಲ್ಲಿರಲಿ.

ಇಷ್ಟು ಓದಿಯೂ ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ, ಕೊಳ್ಳುವ ಮುಂಚೆ ಬಾಡಿಗೆಗೆ ತನ್ನಿ. ಬೆಂಗಳೂರಿನಂಥ ಊರಿನಲ್ಲಿ ಬಾಡಿ, ಲೆನ್ಸ್ ಎರಡೂ ದಿನದ ಬಾಡಿಗೆಗೆ ಸಿಗುತ್ತವೆ. ಶನಿವಾರ ಮುಂಜಾನೆ ಒಂದು ಜೋಡಿ ಹಿಡಿದು ಮಾರ್ಕೆಟ್‌ಗೆ ಹೋಗಿ, ಸಂಜೆ ದೀಪ ಹತ್ತುವ ಹೊತ್ತಿಗೆ ಇನ್ನೊಂದು ಬೀದಿಗೆ ಹೋಗಿ. ಮನೆಗೆ ಬಂದು ಎರಡು ವಿಷಯ ನೋಡಿ. ನಿಮಗೆ ಇಷ್ಟವಾದ ಫೋಟೋಗಳು ಯಾವ ಫೋಕಲ್ ಲೆಂಗ್ತ್‌ನಲ್ಲಿ (ಲೆನ್ಸ್‌ನ ಮಿ.ಮೀ. ಅಂಕೆ) ಇವೆ? ಮಧ್ಯಾಹ್ನದ ಮೇಲೆ ಎಷ್ಟು ಫೋಟೋ ತೆಗೆದಿದ್ದೀರಿ? ಮೊದಲನೆಯದು ಯಾವ ಲೆನ್ಸ್ ಅಂತ ಹೇಳುತ್ತದೆ. ಎರಡನೆಯದು ಆ ತೂಕ ನಿಮಗೆ ಆಗುತ್ತದಾ ಇಲ್ಲವಾ ಅಂತ ಹೇಳುತ್ತದೆ.